ಕ್ರಾಕೊವ್‌ಗೆ ಒಯ್ದ ಅರ್ಧ ಗ್ರಾಂ ಪುಡಿ

ಯಲಹಂಕ

ಅಟ್ಟೂರಿನ ನಮ್ಮ ಮನೆಯ ಮೇಲೆ ವಿಮಾನಗಳು ಹಾರುತ್ತಲೇ ಇರುತ್ತವೆ. ಟೆರೇಸಿನಲ್ಲಿ ಬಟ್ಟೆ ಒಣಹಾಕುವಾಗ ತಲೆಯೆತ್ತಿ ನೋಡುವುದನ್ನೂ ನಾವು ಬಿಟ್ಟು ವರ್ಷಗಳಾದವು. ಅವುಗಳಲ್ಲೊಂದರೊಳಗೆ ಕೂತು ದೇಶ ಬಿಡಲು ನನಗೆ ನಲವತ್ತಮೂರು ವರ್ಷ ಬೇಕಾಯಿತು. ಆಗಲೂ ಒಂಟಿಯಾಗಿ ಹೊರಟೆ ಎನ್ನುವಂತಿಲ್ಲ. ಕೈಚೀಲದಲ್ಲಿ ಬೆರಳುದ್ದದ ಒಂದು ಗಾಜಿನ ಸೀಸೆ ಇತ್ತು. ಅದರ ತಳದಲ್ಲಿ ಅರ್ಧ ಗ್ರಾಂ ಬೂದುಬಣ್ಣದ ಪುಡಿ. ಭದ್ರತಾ ತಪಾಸಣೆಯಲ್ಲಿ ಚೀಲ ಪಕ್ಕಕ್ಕೆ ಸರಿದದ್ದು ಅದಕ್ಕಾಗಿಯೇ.

"ಇದೇನ್ ಮೇಡಂ, ಹಲ್ಲುಪುಡಿನಾ?" ಎಂದಳು ಸಮವಸ್ತ್ರದ ಹುಡುಗಿ. ಕನ್ನಡದವಳೇ.

"ಅಲ್ಲಮ್ಮ, ಪ್ಲಾಟಿನಂ."

"ಪ್ಲಾಟಿನಮ್ಮಾ? ಒಡವೆ ಮಾಡ್ತಾರಲ್ಲ, ಅದಾ?" ಸೀಸೆಯನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿದಳು.

"ಅದೇ. ಆದ್ರೆ ಇದ್ರಲ್ಲಿರೋ ಪ್ಲಾಟಿನಂ ಒಂದು ಸಾಸಿವೆ ಕಾಳಷ್ಟೂ ಇಲ್ಲ. ಉಳಿದದ್ದೆಲ್ಲ ಬಿಳಿ ಪೇಂಟಿಗೆ ಹಾಕ್ತಾರಲ್ಲ, ಆ ಪುಡಿ."

ಕಾಲೇಜಿನ ಪತ್ರವನ್ನು ಎರಡು ಸಲ ಓದಿದಳು. ಮತ್ಯಾರನ್ನೋ ಕರೆದು ತೋರಿಸಿದಳು. ಕೊನೆಗೆ ಸೀಸೆ ವಾಪಸು ಕೊಡುತ್ತ, "ಇಷ್ಟೇ ಇಷ್ಟಕ್ಕೆ ಅಷ್ಟು ದೂರ ಹೋಗ್ತಿದೀರಾ?" ಎಂದಳು.

ಅವಳಿಗೆ ಕೊಡದ ಉತ್ತರವನ್ನು ಓದುವವರಿಗಾದರೂ ಕೊಡಬೇಕು. ಕಾರಿನ ಹೊಗೆ ಹೊರಬರುವ ಮುಂಚೆ ಅದರ ವಿಷ ಕಳೆಯಲು ಲೋಹದ ಕಣಗಳನ್ನು ಬಳಸುತ್ತಾರೆ. ಅನಿಲ ಬಂದು ಲೋಹವನ್ನು ಮುಟ್ಟುತ್ತದೆ, ಬದಲಾಗಿ ಹೋಗುತ್ತದೆ. ಲೋಹ ಮಾತ್ರ ಅಲ್ಲೇ ಇರುತ್ತದೆ. ಆ ಕಣಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಯಾವುದಾದರೂ ಆಕ್ಸೈಡಿನ ಪುಡಿಯ ಮೇಲೆ ಅವನ್ನು ಚದುರಿಸಿ ಕೂರಿಸುತ್ತಾರೆ. ಆ ಪುಡಿಗೆ ಆಧಾರ ಎಂದು ಹೆಸರು. ಜಗಲಿಯ ಮೇಲೆ ಜನ ಕೂತಂತೆ ಲೋಹ ಅದರ ಮೇಲೆ ಕೂತಿರುತ್ತದೆ, ಜಗಲಿಗೆ ಬೇರೆ ಕೆಲಸವಿಲ್ಲ ಎಂದೇ ಬಹಳ ಕಾಲ ತಿಳಿದಿದ್ದರು. ಹಾಗಲ್ಲವೆಂದು ಆಮೇಲೆ ಗೊತ್ತಾಯಿತು. ಬಿಳಿ ಪೇಂಟಿಗೆ ಹಾಕುವ ಟೈಟಾನಿಯಾ ಎಂಬ ಆಕ್ಸೈಡಿನ ಮೇಲೆ ಪ್ಲಾಟಿನಂ ಇಟ್ಟು ಹೈಡ್ರೋಜನ್‌ನಲ್ಲಿ ಚೆನ್ನಾಗಿ ಕಾಯಿಸಿದರೆ, ಆಧಾರವೇ ತೆಳ್ಳಗೆ ಎದ್ದು ಲೋಹದ ಮೈಮೇಲೆ ಹತ್ತುತ್ತದೆ. ಪೊರೆಯ ಕೆಳಗಿನ ಲೋಹವನ್ನು ಅನಿಲ ಮುಟ್ಟಲಾರದು. ಆಮ್ಲಜನಕ ಕೊಟ್ಟು ಕಾಯಿಸಿದರೆ ಪೊರೆ ಹಿಂದಕ್ಕೆ ಸರಿಯುತ್ತದೆ.

ಇದನ್ನು ನನಗೆ ಕಲಿಸಿದವರು ಯಲಹಂಕದ ನಮ್ಮ ಕಾಲೇಜಿನಲ್ಲಿ ನನ್ನ ಗೈಡ್ ಆಗಿದ್ದ ಪದ್ಮಾವತಿ ಮೇಡಂ. "ಕೆರೇಲಿ ಕಲ್ಲಿನ ಮೇಲೆ ಪಾಚಿ ಹತ್ತೋದು ನೋಡಿದೀಯಲ್ಲ, ಹಂಗೆ. ಆಧಾರ ಅಂತ ಹೆಸರಿಟ್ಟ ಮಾತ್ರಕ್ಕೆ ಅದು ಸುಮ್ನೆ ಕೂತಿರತ್ತೆ ಅನ್ಕೋಬೇಡ ಕಣೇ ಶೈಲಾ" ಎಂದಿದ್ದರು. ಅವರು ಹೇಳಿದ್ದು ಹೆಬ್ಬಾಳದ ಕೆರೆಯೋ ಯಲಹಂಕದ್ದೋ ಈಗ ನೆನಪಿಲ್ಲ. ಎರಡನ್ನೂ ಅವರ ದನಿಯಲ್ಲೇ ಕೇಳಿಸಿಕೊಳ್ಳಬಲ್ಲೆ, ಹಾಗಾಗಿ ಎರಡನ್ನೂ ನಂಬುವಂತಿಲ್ಲ.

ಈ ಪೊರೆ ಎಲ್ಲರೂ ತಿಳಿದದ್ದಕ್ಕಿಂತ ಬಹಳ ಕಡಿಮೆ ಶಾಖದಲ್ಲೇ ಬರುತ್ತದೆ ಎಂಬುದು ಮೇಡಂ ಬರೆದ ಕೊನೆಯ ಲೇಖನದ ಸಾರ. ಅವರ ಹೆಸರು ಮೊದಲು, ನನ್ನದು ಎರಡನೆಯದು. ಅದು ಅಚ್ಚಾಗಿ ಎರಡು ತಿಂಗಳಿಗೆ, ವಿದ್ಯಾರಣ್ಯಪುರದ ಮನೆಯಲ್ಲಿ ಬೆಳಗ್ಗೆ ಬಸ್ಸಿಗೆಂದು ಹೊರಟು ಚಪ್ಪಲಿ ಮೆಟ್ಟುತ್ತಿದ್ದವರು ಅಲ್ಲೇ ಕುಸಿದರು. ಆಮೇಲೆ ಬೇರೆ ದೇಶಗಳಿಂದ ಪತ್ರಗಳು ಬಂದವು. ನಾವು ಮಾಡಿ ನೋಡಿದೆವು, ನಮಗೆ ಬರಲಿಲ್ಲ ಎಂದು. ನಾನೂ ಮಾಡಿ ನೋಡಿದೆ. ಮೇಡಂ ಇದ್ದಾಗ ಮೂರು ಸಲ ಬಂದದ್ದು ನನಗೆ ಒಂದು ಸಲವೂ ಬರಲಿಲ್ಲ.

ಆ ಪತ್ರಗಳಲ್ಲಿ ಪೋಲೆಂಡಿನ ಕ್ರಾಕೊವ್‌ನಿಂದ ಹಾನ್ನಾ ಎಂಬುವರು ಬರೆದದ್ದು ಮಾತ್ರ ಬೇರೆ ಥರ ಇತ್ತು. "ನಮ್ಮಲ್ಲಿ ಒಂದು ಸೂಕ್ಷ್ಮದರ್ಶಕವಿದೆ. ಅದರೊಳಗೆ ಅನಿಲ ಬಿಟ್ಟು, ಕಾಯಿಸುತ್ತಲೇ ಕಣವನ್ನು ನೋಡಬಹುದು. ಅವರು ಮಾಡಿದ ಪುಡಿ ಉಳಿದಿದ್ದರೆ ತನ್ನಿ. ಅಂಚೆಯಲ್ಲಿ ಬೇಡ, ನೀವೇ ಬನ್ನಿ."

ಉಳಿದದ್ದು ಮೊದಲ ಸಲ ಮಾಡಿದ್ದರ ಈ ಅರ್ಧ ಗ್ರಾಂ. ಸೀಸೆಯ ಮೇಲೆ ಮೇಡಂ ಕೈಬರಹ. ಪೊರೆ ಆಧಾರದ್ದೇ ಆಗಿದ್ದರೆ ಆಮ್ಲಜನಕಕ್ಕೆ ಸರಿದುಹೋಗಬೇಕು. ಸರಿಯದಿದ್ದರೆ ಅದು ಬೇರೇನೋ ಕೊಳೆ. ಆಗ ಮೇಡಂ ಅವರ ಕೊನೆಯ ಲೇಖನವನ್ನು ನನ್ನ ಕೈಯಾರೆ ಹಿಂದಕ್ಕೆ ಪಡೆಯಬೇಕು. ನಾನು ಹೊರಟದ್ದು ಇಷ್ಟಕ್ಕೆ.

ನಮ್ಮ ಲ್ಯಾಬಿನ ಅಟೆಂಡರ್ ಮುನಿಯಪ್ಪ ಹಳೆ ಅಟ್ಟೂರಿನವರು. ಟ್ಯಾಕ್ಸಿ ಹೊರಡುವ ಹೊತ್ತಿಗೆ ಸೈಕಲ್ಲಿನಲ್ಲಿ ಬಂದು ನಿಂತರು. "ದೊಡ್ಡ ಮೇಡಮ್ಮು ಓಗ್ಬೇಕಿತ್ತು. ನೀವ್ ಓಗ್ತಿದೀರ. ಉಸಾರಾಗಿ ಓಗ್ಬನ್ನಿ ಚಿಕ್ಕ ಮೇಡಂ" ಎಂದವರು ಸೀಸೆ ಇದ್ದ ಚೀಲವನ್ನು ಒಮ್ಮೆ ಮುಟ್ಟಿ ನೋಡಿದರು.

ಟ್ರ್ಯಾಮಿನಲ್ಲಿ

ನಮ್ಮ ಬಸ್ಸುಗಳಲ್ಲಿ ಟಿಕೆಟ್ ಕೊಂಡರೆ ಮುಗಿಯಿತು. ಕ್ರಾಕೊವ್‌ನಲ್ಲಿ ಹಾಗಲ್ಲ. ಕೊಂಡ ಟಿಕೆಟನ್ನು ಟ್ರ್ಯಾಮಿನೊಳಗಿನ ಪುಟ್ಟ ಪೆಟ್ಟಿಗೆಯ ಬಾಯಿಗೆ ತುರುಕಿ ಮುದ್ರೆ ಒತ್ತಿಸಿಕೊಳ್ಳಬೇಕು. ಇಲ್ಲದಿದ್ದರೆ ಟಿಕೆಟ್ ಇದ್ದೂ ಇಲ್ಲದವರ ಸಾಲಿಗೆ ಸೇರುತ್ತೀರಿ. ನಾನು ಕಂಡಕ್ಟರ್ ಬರಲಿ ಎಂದು ಟಿಕೆಟನ್ನು ಎರಡು ಬೆರಳ ನಡುವೆ ಸಿಕ್ಕಿಸಿಕೊಂಡು ಕಾಯುತ್ತಿದ್ದೆ. ಎದುರು ಕೂತಿದ್ದ ಅಜ್ಜಿ ನನ್ನನ್ನೂ ಟಿಕೆಟನ್ನೂ ಎರಡು ನಿಲ್ದಾಣಗಳಷ್ಟು ದೂರ ನೋಡಿದರು. ಆಮೇಲೆ ಎದ್ದು, ನನ್ನ ಕೈಯಿಂದ ಟಿಕೆಟ್ ಕಿತ್ತುಕೊಂಡು, ಮುದ್ರೆ ಒತ್ತಿಸಿ ತಂದುಕೊಟ್ಟು, ಇಡೀ ಟ್ರ್ಯಾಮಿಗೆ ಕೇಳುವಂತೆ ಬೈದರು. ಒಂದಕ್ಷರ ಅರ್ಥವಾಗಲಿಲ್ಲ. ಆದರೂ ನನ್ನವರೇ ಯಾರೋ ಬೈದಂತೆ ಹಾಯೆನಿಸಿತು.

ಹಾನ್ನಾ ಅವರ ಕಟ್ಟಡದ ಲಿಫ್ಟಿನಲ್ಲಿ ಇನ್ನೊಂದು ಪಾಠ. ಒಳಗೆ ಬರುವ ಅಪರಿಚಿತರು "ಜೆನ್ ದೊಬ್ರಿ" ಎಂದು ನಮಸ್ಕಾರ ಹೇಳುತ್ತಾರೆ, ಇಳಿಯುವಾಗ ಮತ್ತೆ ಏನೋ ಹೇಳಿ ಹೋಗುತ್ತಾರೆ. ಯಲಹಂಕದ ಹೊಸ ಅಪಾರ್ಟ್‌ಮೆಂಟುಗಳ ಲಿಫ್ಟಿನಲ್ಲಿ ನಾವು ಫೋನು ನೋಡುತ್ತೇವೆ, ಫೋನಿಲ್ಲದವರು ಬಾಗಿಲು ನೋಡುತ್ತಾರೆ. ಇದು ಒಳ್ಳೆಯ ಪದ್ಧತಿ ಎಂದು ಮರುದಿನ ಟ್ರ್ಯಾಮ್ ಹತ್ತುತ್ತಲೇ ಗಟ್ಟಿಯಾಗಿ "ಜೆನ್ ದೊಬ್ರಿ" ಎಂದೆ. ಒಬ್ಬರೂ ತುಟಿ ಬಿಚ್ಚಲಿಲ್ಲ. ಲಿಫ್ಟಿನ ಪದ್ಧತಿ ಲಿಫ್ಟಿಗೆ ಮಾತ್ರವಂತೆ.

ಹಾನ್ನಾ ಐವತ್ತು ದಾಟಿದವರು. ಕತ್ತರಿಸಿದ ಬಿಳಿಗೂದಲು. ಗಾಜಿನ ಲೋಟದಲ್ಲಿ ನಿಂಬೆಹಣ್ಣಿನ ಬಿಲ್ಲೆ ತೇಲಿಸಿಕೊಂಡು ಹಾಲಿಲ್ಲದ ಟೀ ಕುಡಿಯುತ್ತಾರೆ. ಮೊದಲ ದಿನ ನನ್ನ ಸೀಸೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬೀರುವಿನಲ್ಲಿಟ್ಟು ಬೀಗ ಹಾಕಿ, ಬಂದು ಎದುರು ಕೂತರು.

"ಅವರು ಹೇಗಿದ್ದರು?"

"ಕೆಲಸದಲ್ಲಾ?"

"ಕೆಲಸ ಓದಿದ್ದೇನೆ. ಅವರು ಹೇಗಿದ್ದರು?"

ಏನು ಹೇಳಲಿ? ಕುಳ್ಳಗಿದ್ದರು. ಡಬ್ಬಿಯ ಮೊಸರನ್ನ ತಿನ್ನುತ್ತಲೇ ಎಡಗೈಯಲ್ಲಿ ಫೋನ್ ಎತ್ತಿ ಅರ್ಧ ಊರಿನೊಂದಿಗೆ ಮಾತಾಡುತ್ತಿದ್ದರು. ನಗುತ್ತಿದ್ದರೇ? ನಗುತ್ತಿದ್ದರು, ಖಂಡಿತ. ಆದರೆ ಆ ನಗುಮುಖವನ್ನು ಕಣ್ಣೆದುರು ತಂದುಕೊಳ್ಳಲು ಹೋದರೆ ಕಾಲೇಜಿನ ಗೋಡೆಯ ಮೇಲೆ ಹಾರ ಹಾಕಿದ ಫೋಟೊವೇ ಬರುತ್ತದೆ. ಅದರಲ್ಲಿ ಅವರು ಪಾಸ್‌ಪೋರ್ಟಿಗೆ ಕೂತವರಂತೆ ಬಿಗಿದುಕೊಂಡಿದ್ದಾರೆ. ಒಂದೂವರೆ ವರ್ಷದಲ್ಲಿ ಆ ಫೋಟೊ ನನ್ನೊಳಗಿನ ಮೇಡಂ ಅವರನ್ನೆಲ್ಲ ಒಬ್ಬೊಬ್ಬರನ್ನಾಗಿ ಹೊರಗೆ ಹಾಕಿದೆ.

"ಚೆನ್ನಾಗಿದ್ದರು" ಎಂದೆ. ಹಾನ್ನಾ ಕಾದರು.

ಸೇವಂತಿಗೆ

ಅಕ್ಟೋಬರ್ ಕೊನೆಯ ವಾರ. ಊರಿನ ಮೂಲೆಮೂಲೆಯಲ್ಲಿ ಸೇವಂತಿಗೆಯ ಕುಂಡಗಳು. ಹಳದಿ, ಬಿಳಿ, ಕೆಂಗಂದು ಬಣ್ಣದವು, ಆಯುಧಪೂಜೆಯ ಹಿಂದಿನ ದಿನ ಯಲಹಂಕ ಸಂತೆ ಬೀದಿಯಲ್ಲಿ ಸುರಿದಿರುತ್ತವಲ್ಲ, ಹಾಗೆ. ಯಾವುದೋ ಹಬ್ಬ ಹತ್ತಿರವಾಗಿದೆ ಎಂದುಕೊಂಡೆ. ಹಾನ್ನಾ ಊಟಕ್ಕೆ ಕರೆದಿದ್ದರು. ಬರಿಗೈಯಲ್ಲಿ ಹೋಗುವುದು ಹೇಗೆ? ಇದ್ದುದರಲ್ಲಿ ದೊಡ್ಡ ಹಳದಿ ಕುಂಡ ಆರಿಸಿ ಅಪ್ಪಿಕೊಂಡು ಹೋದೆ.

ಬಾಗಿಲು ತೆರೆದವರು ಕುಂಡ ನೋಡಿದರು. ನನ್ನನ್ನು ನೋಡಿದರು. ಮೊದಲು ಮುಖ ಬಿಳಿಚಿತು, ಆಮೇಲೆ ಗೋಡೆ ಹಿಡಿದು ನಗತೊಡಗಿದರು.

"ಇದು ಸತ್ತವರಿಗೆ ಕೊಡುವ ಹೂ! ಸಮಾಧಿಗೆ ಮಾತ್ರ."

"ಅಯ್ಯೋ! ನಮ್ಮಲ್ಲಿ ದೇವರಿಗೆ, ಹಬ್ಬಕ್ಕೆ, ಜಡೆಗೆ."

"ಜಡೆಗೆ?" ತಮ್ಮ ಮೋಟು ಕೂದಲು ಮುಟ್ಟಿಕೊಂಡರು. "ಈ ಹೂ ಸಿಗಬೇಕಾದರೆ ನಾನು ಮೊದಲು ಸಾಯಬೇಕಿತ್ತು. ನೀವು ಬೇಗ ತಂದಿರಿ. ಬನ್ನಿ, ಒಳಗೆ ಬನ್ನಿ."

ಒಳಗೆ ಹೋದರೆ ಬಾಗಿಲ ಬಳಿ ಒಂದು ಬುಟ್ಟಿಯ ತುಂಬ ಬಟ್ಟೆಯ ಚಪ್ಪಲಿಗಳು. ಅವರೂ ನಮ್ಮಂತೆ ಹೊರಗಿನ ಪಾದರಕ್ಷೆ ಬಿಡುತ್ತಾರೆ, ಆದರೆ ಅತಿಥಿಗೆ ಮನೆಯ ಚಪ್ಪಲಿ ತೊಡಿಸದೆ ಬಿಡುವುದಿಲ್ಲ. ನಾನು ಬರಿಗಾಲಲ್ಲಿ ನಿಂತದ್ದನ್ನು ಕಂಡು ಹಾನ್ನಾಗೇ ಚಳಿಯಾಯಿತು. ಯಾರ ಕಾಲಿನದೋ ದೊಡ್ಡ ಚಪ್ಪಲಿ ಎಳೆದುಕೊಂಡು ಊಟಕ್ಕೆ ಕೂತೆ.

ಹೂವಿನ ಮಾತು ಮುಂದುವರಿಯಿತು. ನಮ್ಮಲ್ಲಿ ವರ್ಷಕ್ಕೊಂದು ದಿನ ಯಂತ್ರಗಳಿಗೂ ಇದೇ ಹೂ ಎಂದೆ. ಅವರಿಗೆ ಬಹಳ ಇಷ್ಟವಾಯಿತು.

"ಪ್ರಯೋಗಾಲಯದಲ್ಲೂ?"

"ಅಲ್ಲೇ ಜೋರು. ತಕ್ಕಡಿಗೆ, ಪಂಪಿಗೆ, ಫರ್ನೇಸಿಗೆ ಎಲ್ಲಕ್ಕೂ ಹೂ, ಕುಂಕುಮ, ಮೂರು ಗೆರೆ ವಿಭೂತಿ. ಆ ದಿನ ಅವಕ್ಕೆ ರಜೆ. ಮರುದಿನ ವಿಜಯದಶಮಿ, ಹೊಸ ಕೆಲಸ ಶುರು ಮಾಡಲು ಒಳ್ಳೆಯ ದಿನ. ಈ ಪುಡಿಯನ್ನೂ ಮೇಡಂ ಆ ದಿನವೇ ಮಾಡಿದ್ದು."

"ವಿಭೂತಿ ಎಂದರೆ?"

"ಸಗಣಿ ಸುಟ್ಟ ಬೂದಿ."

ಹಾನ್ನಾ ಚಮಚ ಕೆಳಗಿಟ್ಟರು. ನಗು ಎಲ್ಲಿ ಹೋಯಿತೋ. ಮೇಜಿನಾಚೆ ಈಗ ರಸಾಯನಶಾಸ್ತ್ರದವರು ಕೂತಿದ್ದರು. "ಬೂದಿಯಲ್ಲಿ ಪೊಟ್ಯಾಸಿಯಂ ಇರುತ್ತದೆ, ಕ್ಯಾಲ್ಸಿಯಂ ಇರುತ್ತದೆ. ಲೋಹದ ಮೇಲೆ ಕೂತರೆ ಅದೂ ಅನಿಲವನ್ನು ತಡೆಯುತ್ತದೆ. ಎಲ್ಲೆಲ್ಲಿ ಹಚ್ಚುತ್ತೀರಿ?"

"ಹೊರಗಡೆ. ಹೊರಗಡೆ ಮಾತ್ರ."

"ಪುಡಿ ಇಡುವ ಪಾತ್ರೆಗೆ?"

ಪುಡಿಯನ್ನು ಕಾಯಿಸುವುದು ದೋಣಿಯಾಕಾರದ, ಹೆಬ್ಬೆರಳುದ್ದದ ಒಂದು ಪಿಂಗಾಣಿ ಪಾತ್ರೆಯಲ್ಲಿ. ಲ್ಯಾಬಿನಲ್ಲಿ ಬೋಟ್ ಅನ್ನುತ್ತೇವೆ. ಹಸಿ ಪುಡಿಯನ್ನು ಅದರಲ್ಲೇ ಒಣಗಿಸಿ, ಅದರಲ್ಲೇ ಫರ್ನೇಸಿಗೆ ತಳ್ಳುತ್ತಿದ್ದೆವು. ಒಳ್ಳೆಯ ಫಲಿತಾಂಶ ಬಂದ ಮೂರು ಸಲವೂ ಬಳಸಿದ ಬೋಟ್ ಒಂದೇ. ಆಮೇಲೆ ಅದು ಒಡೆಯಿತು. ಇದು ನನಗೆ ಹೊಳೆದದ್ದು ಆ ಮೇಜಿನ ಮುಂದೆ, ಆ ಕ್ಷಣದಲ್ಲಿ. ಪಾತ್ರೆಯನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ?

"ಇಲ್ಲ, ಅದಕ್ಕೆ ಹಚ್ಚಿಲ್ಲ" ಎಂದೆ.

ಎಷ್ಟು ಬೇಗ ಹೇಳಿಬಿಟ್ಟೆ ಎಂಬುದು ಆಮೇಲೆ ನನ್ನನ್ನು ಕಾಡಿತು. ಆ ಆಯುಧಪೂಜೆ ಕಳೆದು ಮೂರು ವರ್ಷವಾಗಿತ್ತು. ನಾನು ದಿನಾ ಡೈರಿ ಬರೆಯುವವಳು. ಆ ದಿನದ ಪುಟ ಬಾಯಿಪಾಠವಿದೆ: "ಪೂಜೆ ಆಯಿತು. ಕಡ್ಲೆಪುರಿ ಹಂಚಿದೆವು. ಮೇಡಂ ಬೇಗ ಹೊರಟರು." ಅಷ್ಟೇ. ಉಳಿದದ್ದು ತಲೆಯೊಳಗಿನದು. ಅಲ್ಲಿ ಮುನಿಯಪ್ಪ ತಟ್ಟೆ ಹಿಡಿದು ಎಲ್ಲಕ್ಕೂ ಗೆರೆ ಎಳೆಯುತ್ತ ಬರುತ್ತಾರೆ. ಮೇಡಂ ಹಿಂದಿನಿಂದ ಒದ್ದೆ ಬಟ್ಟೆಯಲ್ಲಿ ಮೇಜು ಒರೆಸುತ್ತ ಬರುತ್ತಾರೆ. ನಾನು ಸುಮ್ಮನೆ ನಿಂತಿದ್ದೇನೆ. ಬೋಟಿಗೆ ಬೂದಿ ತಾಗಿದ್ದರೆ ಅದು ಮುನಿಯಪ್ಪನವರದೇ ಕೆಲಸ ಎಂದು ಚಪ್ಪಲಿ ಬುಟ್ಟಿಗೆ ಹಾಕಿ ಹೊರಡುವ ಹೊತ್ತಿಗೆ ನಾನು ತೀರ್ಮಾನಿಸಿಯಾಗಿತ್ತು.

ಕತ್ತಲ ಕೋಣೆ

ಸೂಕ್ಷ್ಮದರ್ಶಕದ ಕೋಣೆಗೆ ಕಿಟಕಿಯಿಲ್ಲ. ಅಲ್ಲಿ ಪಿಸುಮಾತು ಮಾತ್ರ. ನಡಿಗೆ ಕೂಡ ಮೆತ್ತಗೆ. ನೆಲ ನಡುಗಿದರೆ ಕಣ ನಡುಗುತ್ತದೆ. ಯಲಹಂಕದಲ್ಲಿ ವಾಯುಪಡೆಯ ವಿಮಾನ ತಗ್ಗಿನಲ್ಲಿ ಹೋದರೆ ನಮ್ಮ ತಕ್ಕಡಿಯ ಅಂಕಿಗಳು ಕುಣಿಯುತ್ತಿದ್ದವು. ಮೇಡಂ ಕೈ ಎತ್ತುತ್ತಿದ್ದರು. ಸದ್ದು ಹೋಗುವ ತನಕ ಯಾರೂ ಅಲುಗುವಂತಿರಲಿಲ್ಲ. ಪೊರಕೆ ಹಿಡಿದ ಮುನಿಯಪ್ಪನವರೂ ಒಂದು ಕಾಲು ಮುಂದಿಟ್ಟು ಹಾಗೇ ನಿಂತಿರುತ್ತಿದ್ದರು.

ನಿಮ್ಮ ಪುಡಿಗಿಂತ ಮೊದಲು ಮಾಮೂಲಿ ಪುಡಿಯ ನಡತೆ ನೋಡೋಣ ಎಂದರು ಹಾನ್ನಾ. ಎಲ್ಲರಿಗೂ ಗೊತ್ತಿರುವ, ಹೆಚ್ಚು ಶಾಖದಲ್ಲಿ ಪೊರೆ ಬರುವ, ಯಾರೂ ಅನುಮಾನಿಸದ ಮಾದರಿ ಅದು. ಪರದೆಯ ಮೇಲೆ ಚಾಪೆಯ ಹೆಣಿಗೆಯಂತೆ ಒತ್ತೊತ್ತಾಗಿ ಸಾಲುಗಳು ಕಂಡವು, ಅದು ಟೈಟಾನಿಯಾ. ಅದರ ಅಂಚಿನಲ್ಲಿ ಕಪ್ಪಗೆ, ದುಂಡಗೆ ಒಂದು ಪ್ಲಾಟಿನಂ ಕಣ. ಹಾನ್ನಾ ಹೈಡ್ರೋಜನ್ ಬಿಟ್ಟು ಶಾಖ ಏರಿಸಿದರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಣದ ಬುಡದಲ್ಲಿ ಮಂಜಿನಂಥ ಒಂದು ತೆಳುಗೆರೆ. ಅದು ಬೆನ್ನಿನ ಮೇಲೆ ಹತ್ತಿತು, ನೆತ್ತಿಗೆ ಬಂತು, ಇನ್ನೊಂದು ಬದಿಗೆ ಇಳಿಯಿತು. ಮಗ್ಗುಲಲ್ಲಿ ಮಲಗಿದವರಿಗೆ ಯಾರೋ ಹೊದಿಕೆ ಎಳೆದಂತೆ. ಆಮ್ಲಜನಕ ಬಿಟ್ಟರು. ಗೆರೆ ತೆಳುವಾಯಿತು, ಹರಿಯಿತು, ಬಂದ ದಾರಿಯಲ್ಲೇ ಹಿಂದೆ ಹೋಯಿತು.

ಹಾನ್ನಾ ಇದನ್ನು ಎಷ್ಟೋ ಸಲ ನೋಡಿದವರು, ಆಕಳಿಸುತ್ತಿದ್ದರು. ಮೇಡಂ ತಮ್ಮ ಜೀವಮಾನದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಲೋಹ ಎಷ್ಟು ಅನಿಲ ಹಿಡಿಯಿತು ಎಂಬ ಒಂದು ಅಂಕಿ, ಅದೊಂದೇ ಅವರಿಗೆ ಸಿಗುತ್ತಿದ್ದುದು. ಅಂಕಿ ಇಳಿದರೆ, "ಹತ್ತಿತು ಕಣೇ ಪಾಚಿ!" ಎನ್ನುತ್ತಿದ್ದರು. ಒಂದು ಅಂಕಿಯಿಂದ ಅವರು ಊಹಿಸಿಕೊಂಡದ್ದು ಹಾಗೆ ಹಾಗೇ, ಗೆರೆಗೆ ಗೆರೆ, ನನ್ನ ಮುಂದೆ ನಡೆಯಿತು. ಈ ಕುರ್ಚಿಯಲ್ಲಿ ನಾನು ಯಾಕೆ ಕೂತಿದ್ದೇನೆ?

"ಇನ್ನೊಂದು ಸಲ ತೋರಿಸ್ತೀರಾ?" ಎಂದೆ.

ಅವರು ಗಡಿಯಾರ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಹೈಡ್ರೋಜನ್ ಬಿಟ್ಟರು.

ನವೆಂಬರ್ ಒಂದು

ಆ ದಿನ ಊರಿಗೆಲ್ಲ ರಜೆ. ಎಲ್ಲರೂ ತಮ್ಮ ಸತ್ತವರನ್ನು ನೋಡಲು ಹೋಗುತ್ತಾರೆ. ಟ್ರ್ಯಾಮುಗಳ ತುಂಬ ಸೇವಂತಿಗೆ ಕುಂಡಗಳು, ಮುಚ್ಚಳವಿರುವ ಗಾಜಿನ ದೀಪಗಳು. ಹಾನ್ನಾ ನನ್ನ ಕುಂಡವನ್ನೇ ಎತ್ತಿಕೊಂಡು ಬಂದಿದ್ದರು.

ಸ್ಮಶಾನವೆಂದರೆ ನನಗೆ ಗೊತ್ತಿದ್ದದ್ದು ಹೆಂಗಸರನ್ನು ಬಾಗಿಲಲ್ಲೇ ನಿಲ್ಲಿಸುವ ಜಾಗ. ಮೇಡಂ ಅವರನ್ನು ಒಯ್ದಾಗ ನಾನು ವಿದ್ಯಾರಣ್ಯಪುರದ ಅವರ ಬೀದಿಯ ತಿರುವಿನ ತನಕ ಮಾತ್ರ ಹೋಗಿದ್ದೆ. ಇಲ್ಲಿ ಅಜ್ಜಿಯರು ಬ್ರಷ್ ಹಿಡಿದು ಕಲ್ಲು ತೊಳೆಯುತ್ತಿದ್ದರು, ಮಕ್ಕಳು ಗೇಟಿನ ಬಳಿ ಮಾರುವ ಸಕ್ಕರೆ ಪಾಕದ ಕಡಲೆಮಿಠಾಯಿಯಂಥದನ್ನು ಕಚ್ಚುತ್ತ ಓಡಾಡುತ್ತಿದ್ದರು. ಸಂಜೆ ನಾಲ್ಕೂವರೆಗೇ ಬೆಳಕು ಹೋಯಿತು. ಕಣ್ಣು ಹಾಯುವಷ್ಟು ದೂರ ದೀಪಗಳು. ಹಾನ್ನಾ ತಮ್ಮ ಅಪ್ಪನ ಕಲ್ಲಿನ ಮೇಲೆ ಕುಂಡ ಇಟ್ಟು ಏನೋ ಹೇಳಿದರು.

"ಏನಂದಿರಿ?"

"ನಿಮಗಿಂತ ಮುಂಚೆ ಈ ಹೂ ನನಗೇ ಸಿಕ್ಕಿತ್ತು ಅಂದೆ."

ಅಲ್ಲಿಂದ ಮುಂದೆ ಒಂದು ದೊಡ್ಡ ಶಿಲುಬೆ. ಅದರ ಸುತ್ತ ದೀಪಗಳ ರಾಶಿ. ತಮ್ಮವರ ಸಮಾಧಿ ದೂರದ ಊರಿನಲ್ಲಿದ್ದವರು, ಎಲ್ಲೂ ಇಲ್ಲದವರು ಅಲ್ಲಿ ಹಚ್ಚುತ್ತಾರಂತೆ. ಹಾನ್ನಾ ಚೀಲದಿಂದ ಒಂದು ದೀಪ ತೆಗೆದು ನನ್ನ ಕೈಗಿತ್ತು, ತಾವು ಪಕ್ಕಕ್ಕೆ ಸರಿದು ಬೆನ್ನು ತಿರುಗಿಸಿ ನಿಂತರು. ಹಚ್ಚಿದೆ. ಪೊರೆ ಸರಿಯಲಿ ಎಂದು ಬೇಡಿಕೊಂಡೆ. ಸತ್ತವರ ದೀಪದ ಮುಂದೆ ಪ್ರಯೋಗದ ಫಲಿತಾಂಶ ಕೇಳಿಕೊಳ್ಳುವುದು ಓದಿದವರ ಲಕ್ಷಣವಲ್ಲ. ಮೇಡಂ ಕೇಳಿಸಿಕೊಂಡಿದ್ದರೆ ತಲೆಗೆ ಮೊಟಕುತ್ತಿದ್ದರು. ಮೊಟಕಲಿ ಎಂದೇ ಇನ್ನೊಂದು ಸಲ ಬೇಡಿಕೊಂಡೆ.

ಸೋಮವಾರ

ಮೇಡಂ ಪುಡಿಯಲ್ಲಿ ಪೊರೆ ಇತ್ತು. ಮೊದಲ ಕಣದಲ್ಲೇ ಕಂಡಿತು. ಹಾನ್ನಾ ಆಮ್ಲಜನಕ ಬಿಟ್ಟರು.

ಕಾದೆವು. ಪೊರೆ ಕದಲಲಿಲ್ಲ. ಶಾಖ ಏರಿಸಿದರು. ಕದಲಲಿಲ್ಲ. ಬೇರೆ ಕಣ ಹುಡುಕಿದರು, ಅದರಲ್ಲೂ ಹಠ ಹಿಡಿದು ಕೂತ ಅದೇ ಗೆರೆ. ಆಮೇಲೆ ಯಾವ ಧಾತು ಎಲ್ಲಿದೆ ಎಂದು ಬಣ್ಣದಲ್ಲಿ ತೋರಿಸುವ ಚಿತ್ರ ತೆಗೆದರು. ಪೊರೆಯಲ್ಲಿ ಆಧಾರದ ಟೈಟಾನಿಯಂ ಇರಲಿಲ್ಲ. ಹಸಿರಿನಲ್ಲಿ ಕ್ಯಾಲ್ಸಿಯಂ, ಕೆಂಪಿನಲ್ಲಿ ಪೊಟ್ಯಾಸಿಯಂ.

"ಬೂದಿ" ಎಂದೆ.

"ಬೂದಿ" ಎಂದರು ಹಾನ್ನಾ. ಎದ್ದುಹೋಗಿ ಟೀ ತಂದಿಟ್ಟರು. ಇಬ್ಬರೂ ಕುಡಿಯಲಿಲ್ಲ.

ಹನ್ನೊಂದು ಗಂಟೆ. ಯಲಹಂಕದಲ್ಲಿ ಮೂರೂವರೆ. ಕಾರಿಡಾರಿಗೆ ಬಂದು ಮುನಿಯಪ್ಪನವರಿಗೆ ಫೋನ್ ಮಾಡಿದೆ. ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ.

"ಮುನಿಯಪ್ಪ, ಮೂರು ವರ್ಷದ ಹಿಂದೆ ಆಯುಧಪೂಜೇಲಿ ಬೋಟ್‌ಗೂ ವಿಭೂತಿ ಹಚ್ಚಿದ್ರಾ ನೀವು?"

"ಎಂಗಿದೀನಿ ಅಂತ ಯೋಳ್ದೆ ಬೋಟ್ ಕೇಳ್ತೀರಲ್ಲ! ನಾನ್ಯಾಕ್ ಅಚ್ಲಿ? ಆ ಪಿಂಗಾಣಿ ಸಾಮಾನು ದೊಡ್ಡ ಮೇಡಮ್ಮು ನನ್ ಕೈಗ್ ಯಾವತ್ತು ಕೊಟ್ಟವ್ರೆ?"

"ಸರಿಯಾಗಿ ನೆನಪು ಮಾಡ್ಕೊಳ್ಳಿ."

"ನೆನಪ್ ಯಾಕ್ ಮಾಡ್ಕಳದು, ಫೋಟೋನೇ ಐತಲ್ಲ. ನಮ್ ಮಗಳು ತೆಗ್ದಿದ್ಲು. ಕಳಿಸ್ಲಾ?" ಆಮೇಲೆ ದನಿ ಇಳಿಯಿತು. "ಚಿಕ್ಕ ಮೇಡಂ, ದೊಡ್ಡ ಮೇಡಮ್ಮಿಂದು ಸರಿ ಬಂತಾ?"

"ಇಲ್ಲ ಮುನಿಯಪ್ಪ. ತಪ್ಪಾಗಿದೆ."

"ಅವ್ರಿದ್ದಿದ್ರೆ ಇವತ್ತು ನಮ್ಗೆ ಸರ್ಯಾಗ್ ಬೈಗುಳ ಬೀಳ್ತಿತ್ತು" ಎಂದರು.

ಫೋಟೊ ಬಂತು. ಲ್ಯಾಬಿನ ಮೇಜು, ಸೇವಂತಿಗೆ, ಹಿಂದೆ ಫರ್ನೇಸು. ಮೇಡಂ ಬೋಟಿನ ಎರಡು ತುದಿಗಳನ್ನು ಬೆರಳುಗಳಲ್ಲಿ ಹಿಡಿದು ಮುಂದಕ್ಕೆ ಚಾಚಿದ್ದಾರೆ. ಹೊರಗಡೆ ಹಚ್ಚಲು ಜಾಗವೇ ಇಲ್ಲ, ಪೂರ್ತಿ ಅವರ ಬೆರಳು. ಹಾಗಾಗಿ ಒಳಗಡೆ ಬೂದಿಯ ಗೆರೆ ಎಳೆಯುತ್ತಿರುವ ಕೈಯೊಂದಿದೆ. ಆ ಕೈಯಲ್ಲಿ ನನ್ನ ಬಳೆ, ನನ್ನ ಗಡಿಯಾರ. ಮುನಿಯಪ್ಪ ಚಿತ್ರದಲ್ಲೇ ಇಲ್ಲ. ಒದ್ದೆ ಬಟ್ಟೆಯೂ ಇಲ್ಲ. ಇದ್ದಿರಲಾರದು ಕೂಡ. ಹಚ್ಚಿದ ವಿಭೂತಿಯನ್ನು ಒರೆಸುವ ಪದ್ಧತಿ ನಮ್ಮಲ್ಲಿಲ್ಲ, ತಾನಾಗಿ ಹೋಗಬೇಕು. ಮರುದಿನ ಹಾಗೇ ಹಸಿ ಪುಡಿ ಸುರಿದಿದ್ದೇವೆ. ಮೂರು ವರ್ಷ ನನ್ನ ತಲೆಯೊಳಗೆ ನಾನು ಕೈಕಟ್ಟಿ ನಿಂತಿದ್ದೆ.

ಮೇಡಂ ನಗುತ್ತಿದ್ದಾರೆ. ಕ್ಯಾಮೆರಾ ಕಡೆ ನೋಡದೆ, ಬೋಟ್ ನೋಡುತ್ತ, ಬಾಯಿ ತುಂಬ. ಮೇಲಿನ ಸಾಲಿನಲ್ಲಿ ಒಂದು ಹಲ್ಲು ಸೊಟ್ಟ. ಅದನ್ನು ನಾನು ಮರೆತೇಬಿಟ್ಟಿದ್ದೆ. ತಪ್ಪಿಗೆ ಸಾಕ್ಷಿ ಬೇಕೆಂದು ತರಿಸಿಕೊಂಡ ಚಿತ್ರ ಅದು, ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ಕಾರಿಡಾರಿನಲ್ಲಿ ನಿಂತು ಆ ಸೊಟ್ಟ ಹಲ್ಲನ್ನು ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದೆ.

ಹಾನ್ನಾಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. "ಇಬ್ಬರಲ್ಲಿ ಯಾರಿಗೆ ಹೆಚ್ಚು ಖುಷಿ ಎಂದು ಹೇಳುವುದು ಕಷ್ಟ" ಎಂದರು. ನನ್ನ ಮುಖ ಚಿತ್ರದಲ್ಲಿ ಅರ್ಧ ಮಾತ್ರ ಇತ್ತು. ನಾನು ಆ ಅರ್ಧವನ್ನು ನೋಡಿರಲೇ ಇಲ್ಲ.

ಹೊರಡುವ ಬೆಳಗ್ಗೆ

ಲೇಖನ ಹಿಂಪಡೆಯಲು ಪತ್ರಿಕೆಯವರದೊಂದು ಫಾರಂ ಇದೆ. ಊರಿಗೆ ಹೋಗಿ ತುಂಬಬಹುದಿತ್ತು. ಊರಿಗೆ ಹೋದರೆ ಇನ್ನೊಂದು ನೆನಪು ಬಂದು ಇದನ್ನು ಮುಚ್ಚೀತು ಎಂಬ ಹೆದರಿಕೆಗೆ ಹಾನ್ನಾ ಅವರ ಅಡುಗೆಮನೆಯ ಮೇಜಿನಲ್ಲೇ ಕೂತು ತೆರೆದೆ.

ತಪ್ಪು ಹೇಗಾಯಿತು ಎಂಬ ಜಾಗದಲ್ಲಿ ಬರೆದೆ: ನಾವು ಉಪಕರಣಗಳನ್ನು ಗೌರವಿಸುವ ಹಬ್ಬದ ದಿನ, ಪಾತ್ರೆಯ ಒಳಮೈಗೆ ನಾನು ಬೂದಿ ಹಚ್ಚಿದೆ. ಅದನ್ನು ತೊಳೆಯದೆ ಮರುದಿನ ಬಳಸಿದೆವು. ಮುಂದಿನ ಎರಡು ಸಲವೂ ಅದೇ ಪಾತ್ರೆ. ಬರೆದು ಓದಿದೆ. ಬದಲಾಯಿಸುವಂಥದ್ದು ಏನೂ ಇರಲಿಲ್ಲ.

ಕೆಳಗೆ ಇನ್ನೊಂದು ಪ್ರಶ್ನೆ: ಎಲ್ಲ ಲೇಖಕರ ಒಪ್ಪಿಗೆ ಇದೆಯೇ? ಇದೆ, ಇಲ್ಲ, ಸಂಪರ್ಕಿಸಲಾಗಲಿಲ್ಲ.

"ಮೂರನೆಯದು" ಎಂದರು ಬೆನ್ನ ಹಿಂದೆ ನಿಂತಿದ್ದ ಹಾನ್ನಾ. "ಬೇರೆ ದಾರಿ ಇಲ್ಲ."

ಮೂರನೆಯದನ್ನು ಗುರುತು ಮಾಡಿದೆ. ಪಕ್ಕದಲ್ಲೇ ವಿವರಣೆಗೆ ಒಂದು ಚೌಕ. "ಪದ್ಮಾವತಿಯವರು ತೀರಿಕೊಂಡಿದ್ದಾರೆ. ನನಗೆ ನೆನಪಿರುವ ಮಟ್ಟಿಗೆ ಅವರ ಸ್ವಭಾವವನ್ನು ನೋಡಿದರೆ, ಬಹುಶಃ ಒಪ್ಪುತ್ತಿದ್ದರು ಎಂದು ಅನಿಸುತ್ತದೆ" ಎಂದು ಟೈಪ್ ಮಾಡಿದೆ. ಇದು ನನ್ನ ಮಾಮೂಲಿ ಶೈಲಿ. ನನ್ನ ಡೈರಿಯ ತುಂಬ ಇಂಥ ವಾಕ್ಯಗಳೇ. ಬಾಗಿಲ ಬಳಿ ನನ್ನ ಪೆಟ್ಟಿಗೆ ನಿಂತಿತ್ತು. ಕೆಳಗೆ ಟ್ಯಾಕ್ಸಿ ಬಂದ ಸದ್ದಾಯಿತು.

ಎಲ್ಲ ಅಳಿಸಿದೆ. "ಪದ್ಮಾವತಿಯವರು ತೀರಿಕೊಂಡಿದ್ದಾರೆ. ಇದ್ದಿದ್ದರೆ ಈ ಫಾರಂ ಅನ್ನು ನನಗಿಂತ ಮೊದಲು ಅವರು ತುಂಬುತ್ತಿದ್ದರು" ಎಂದು ಬರೆದೆ. ಇದಕ್ಕೆ ಡೈರಿಯಲ್ಲಿ ಆಧಾರ ಹುಡುಕಬೇಕು ಎಂದು ನನಗೆ ಅನಿಸಲಿಲ್ಲ. ಹಾನ್ನಾ ಓದಿ ನನ್ನ ಭುಜದ ಮೇಲೆ ಕೈಯಿಟ್ಟರು.

ಕಳಿಸಿದೆ. ಬೆಳಗಿನ ಎಂಟೂವರೆ. ಯಲಹಂಕದಲ್ಲಿ ಒಂದು ಗಂಟೆ, ಮೇಡಂ ಡಬ್ಬಿ ಬಿಚ್ಚುವ ಹೊತ್ತು, ಈಗ ಮಾಡಿದರೆ ಎತ್ತುತ್ತಾರೆ ಎಂದು ನಾನು ಫೋನ್ ಕೈಗೆ ತೆಗೆದುಕೊಂಡೆ.